ಕಾರ್‌ಪೂಲಿನ ತಹಶೀಲ್ದಾರರು

ಪ್ಲೆಸೆಂಟನ್‌ನಲ್ಲಿ ಮನೆ ಮಾಡಿಕೊಂಡು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಮಾಡುವವರ ಪಾಡು ಅನುಭವಿಸಿದವರಿಗೇ ಗೊತ್ತು. ಒಬ್ಬರೇ ಹೋದರೆ ಆಯುಸ್ಸೆಲ್ಲ ಫ್ರೀವೇಯಲ್ಲೇ ಕಳೆದುಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಜೀವ ಕೂತಿದ್ದರೆ ಕಾರ್‌ಪೂಲ್ ಲೇನು ಸಿಗುತ್ತದೆ, ಸಂಜೆ ಮನೆಗೆ ಬಂದಾಗ ಮಾತಾಡುವಷ್ಟು ತ್ರಾಣ ಉಳಿದಿರುತ್ತದೆ. ನನಗೂ ಅವರಿಗೂ ಸ್ನೇಹವಾದದ್ದು ಈ ಲೇನಿನ ದೆಸೆಯಿಂದಲೇ ಹೊರತು ಬೇರಾವ ಋಣಾನುಬಂಧದಿಂದಲೂ ಅಲ್ಲ. ಇಬ್ಬರದೂ ಒಂದೇ ಬಯೋಟೆಕ್ ಕಂಪನಿ. ನಾನು ಲ್ಯಾಬಿನಲ್ಲಿ, ಅವರು ಯಂತ್ರಗಳನ್ನು ಪರೀಕ್ಷೆ ಮಾಡಿ ಸೈ ಅನ್ನುವ ವಿಭಾಗದಲ್ಲಿ. ಕೊರಿಯಾದವರು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಹೋದ ತಿಂಗಳು ತೀರಿಕೊಂಡರು.

ನನ್ನ ಗಂಡ ಅವರಿಗಿಟ್ಟಿದ್ದ ಹೆಸರು ತಹಶೀಲ್ದಾರರು. ನಮ್ಮ ಮನೆಯಲ್ಲಿ ಕೊನೆಯವರೆಗೂ ಅವರು ಅದೇ ಹೆಸರಿನಲ್ಲಿ ಓಡಾಡಿಕೊಂಡಿದ್ದರು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೂ ತಮ್ಮ ಹೆಸರಿನ ಮೇಲೆ ಅಂಥ ಮಮಕಾರವೇನೂ ಇರಲಿಲ್ಲ, ಆಫೀಸಿನಲ್ಲಿ ಯಾರು ಹೇಗೆ ಕೂಗಿದರೂ ತಿರುಗಿ ನೋಡುತ್ತಿದ್ದರು. ಮಮಕಾರವೆಲ್ಲ ಇನ್ನೊಂದು ಹೆಸರಿನ ಮೇಲೆ ಇತ್ತು. ಅದು ಅವರು ಹುಟ್ಟಿದ ತಾಲ್ಲೂಕಿನ ಹೆಸರು.

ಮೊದಲನೆಯ ದಿನವೇ ಕಾರು ಹತ್ತಿ ಸೀಟುಬೆಲ್ಟು ಹಾಕಿಕೊಳ್ಳುವುದರೊಳಗೆ ವಿಚಾರಣೆ ಶುರುವಾಗಿತ್ತು. ಅವರು ಆಡುತ್ತಿದ್ದುದು ಇಂಗ್ಲಿಷು, ಅದೂ ತುಂಡುತುಂಡು. ನನ್ನ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತೋ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲಿಯವರು?"

"ಇಂಡಿಯಾ."

"ಅದು ನೋಡಿದರೇ ಗೊತ್ತಾಗತ್ತೆ. ಇಂಡಿಯಾದಲ್ಲಿ ಎಲ್ಲಿ?"

"ಬೆಂಗಳೂರು." ಇಲ್ಲಿ ನಾವೆಲ್ಲ ಹೇಳುವುದು ಹಾಗೆಯೇ, ಅಲ್ಲಿಗೆ ಮಾತು ಮುಗಿಯುತ್ತದೆ.

"ಹುಟ್ಟಿದ್ದೂ ಅಲ್ಲೇನಾ?"

"ಅಲ್ಲ. ಮಂಡ್ಯ ಅಂತ ಒಂದು ಜಿಲ್ಲೆ ಇದೆ."

"ಅದರೊಳಗೆ?"

"ಮಳವಳ್ಳಿ ತಾಲ್ಲೂಕು."

"ಅದರೊಳಗೆ?"

ಪಾಸ್‌ಪೋರ್ಟು ಕೊಡುವಾಗ ಪೊಲೀಸಿನವನೂ ಇಷ್ಟು ಕೇಳಿರಲಿಲ್ಲ. "ಹಲಗೂರು ಹೋಬಳಿ" ಎಂದೆ, ಸಿಟ್ಟಿನಿಂದಲೇ. ತಾಲ್ಲೂಕಿನ ಕೆಳಗೆ ಹೋಬಳಿ, ಹೋಬಳಿಯ ಕೆಳಗೆ ಗ್ರಾಮ ಎಂದು ಬಿಡಿಸಿ ಹೇಳಿದ್ದೇ ತಡ, ಅವರು ತೊಡೆ ತಟ್ಟಿಕೊಂಡು ನಕ್ಕರು. ಅವರಲ್ಲೂ ಹಾಗೆಯೇ ಅಂತೆ. ತಾಲ್ಲೂಕಿನಂಥದ್ದಕ್ಕೆ ಗೂನ್, ಹೋಬಳಿಯಂಥದ್ದಕ್ಕೆ ಮ್ಯೊನ್, ಗ್ರಾಮಕ್ಕೆ ರೀ. ಇಷ್ಟು ವರ್ಷ ಅಮೆರಿಕದಲ್ಲಿದ್ದು, ಹೋಬಳಿ ಇರುವ ಮನುಷ್ಯರು ಸಿಕ್ಕಿದ್ದು ಇದೇ ಮೊದಲು ಎಂದರು. ಅವರ ಕಡೆ ಮದುವೆಯಾದ ಹೆಂಗಸನ್ನು ತವರೂರಿನ ಹೆಸರು ಹಿಡಿದು ಕರೆಯುವುದು ವಾಡಿಕೆ. ಅಂದಿನಿಂದ ನಾನು ಅವರ ಬಾಯಲ್ಲಿ ಹಲಗೂರಮ್ಮ ಆದೆ. ನನ್ನ ಸ್ವಂತ ಮಗಳಿಗೆ ಹಲಗೂರು ಎಲ್ಲಿದೆ ಎಂದು ಗೊತ್ತಿಲ್ಲ. ಕೊರಿಯಾದ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಅದರ ಹೆಸರು ಹೇಳುತ್ತಿದ್ದರು.

ಆಳು ಕುಳ್ಳು, ತಲೆಯ ಮೇಲೆ ಸದಾ ಒಂದು ಬಟ್ಟೆಯ ಟೋಪಿ, ಮಡಿಲಲ್ಲಿ ಹುರಿದ ಬಾರ್ಲಿಯ ಕಷಾಯದ ಫ್ಲಾಸ್ಕು. ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕುವುದು ಅವರ ಜನ್ಮಸಿದ್ಧ ಹಕ್ಕು. ಆದರೆ ಸ್ಯಾನ್ ಮಟೇಯೊ ಸೇತುವೆ ಹತ್ತಿದ ಕೂಡಲೇ ಸುಮ್ಮನಾಗುತ್ತಿದ್ದರು. ಅಲಮೀಡಾ ಕೌಂಟಿ ಮುಗಿದು ಸ್ಯಾನ್ ಮಟೇಯೊ ಕೌಂಟಿ ಶುರುವಾಗುವುದು ಆ ಸೇತುವೆಯ ಮೇಲೆಯೇ, ಕೆಳಗೆ ಬರೀ ನೀರು. ಗಡಿಯ ಬೋರ್ಡು ಬಂದಾಗ ದೇವಸ್ಥಾನದ ಮುಂದೆ ಹೋಗುವ ಬಸ್ಸಿನಲ್ಲಿ ನಮ್ಮವರು ಮಾಡುವ ಹಾಗೆ ಬಲಗೈಯನ್ನು ಸ್ವಲ್ಪ ಎತ್ತಿ ಇಳಿಸುತ್ತಿದ್ದರು. ಒಂದು ದಿನವೂ ತಪ್ಪಿಸಿದ್ದಿಲ್ಲ. ಯಾಕೆ ಎಂದು ಕೇಳಿದರೆ, "ನೀರಿನ ಮೇಲೂ ಗಡಿ ಕಾಯುತ್ತಾರಲ್ಲ, ಅದಕ್ಕೆ" ಎಂದರು.

ಅವರ ತಾಲ್ಲೂಕಿನ ಆಕಾರ ವಿಚಿತ್ರ. ನಡುವೆ ಒಂದು ನಗರ, ಸುತ್ತ ತಾಲ್ಲೂಕು. ಅವರು ಡೋನಟ್ ಎನ್ನುತ್ತಿದ್ದರು, ನಾನು ಉದ್ದಿನ ವಡೆ ಎಂದು ತಿದ್ದಿದೆ. ಪೂರ್ವಕ್ಕೆ ಬೆಟ್ಟಸಾಲು, ಪಶ್ಚಿಮಕ್ಕೆ ಗದ್ದೆ ಬಯಲು, ಬೆಟ್ಟದಿಂದ ಇಳಿಯುವ ಹೊಳೆ ವಡೆಯನ್ನು ದಾಟಿ ತೂತಿನೊಳಗಿನ ನಗರಕ್ಕೆ ಹೋಗುತ್ತದೆ. ಆ ನಗರ ಮೊದಲು ಇದೇ ತಾಲ್ಲೂಕಿನ ಕಸಬಾ. ರೈಲು ಬಂತು, ಮಾರುಕಟ್ಟೆ ಬೆಳೆಯಿತು, ನಗರ ಬೇರೆ ಸಂಸಾರ ಹೂಡಿತು. ತಮಾಷೆಯೆಂದರೆ, ಬೇರೆಯಾದ ಮೇಲೂ ತಾಲ್ಲೂಕು ಕಚೇರಿ ನಗರದೊಳಗೇ ಉಳಿಯಿತು. ಪ್ರಾಯದಲ್ಲಿ ಅವರು ಅಲ್ಲಿ ಗುಮಾಸ್ತರಾಗಿದ್ದರು. ತಮ್ಮ ತಾಲ್ಲೂಕಿನ ಕೆಲಸ ಮಾಡಲು ದಿನಾ ತಾಲ್ಲೂಕು ಬಿಟ್ಟು ಹೊರಗೆ ಹೋಗಬೇಕಾಗಿತ್ತು.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಗಂಡ ಬಿದ್ದು ಬಿದ್ದು ನಕ್ಕ. ಅವನು ದೊಡ್ಡಬಳ್ಳಾಪುರದವನು. "ಇದರಲ್ಲಿ ಏನ್ ವಿಶೇಷ ಕಣೇ? ನಮ್ ಬೆಂಗಳೂರು ರೂರಲ್ ಡಿಸ್ಟ್ರಿಕ್ಟ್ ಆಫೀಸೂ ಎಷ್ಟೋ ವರ್ಷ ಸಿಟಿ ಒಳಗೇ ಇತ್ತಲ್ಲ. ನಮ್ಮಪ್ಪ ಒಂದು ಸೈನ್ ಹಾಕಿಸ್ಕೊಳೋಕೆ ಬಸ್ ಹತ್ತಿ ಬರ್ತಿದ್ರು. ಹೇಳು ನಿನ್ ತಹಶೀಲ್ದಾರ್ರಿಗೆ." ಮರುದಿನ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ಮಾವನವರಿಗೆ ಬೇಜಾರಾಗುತ್ತಿರಲಿಲ್ಲವೇ?" ಎಂದು ಕೇಳಿದರು.

ದಿನಕ್ಕೊಂದು ತುಂಡಿನಂತೆ ನನಗೆ ಆ ತಾಲ್ಲೂಕಿನ ಚರಿತ್ರೆಯೆಲ್ಲ ಬಂದುಬಿಟ್ಟಿದೆ. ರಾಜರ ಕಾಲದಲ್ಲಿ ರಾಜಧಾನಿಯಿಂದ ಅಧಿಕಾರಿಗಳು ಬರುತ್ತಿದ್ದರು. ಹೋಗುವಾಗ ಜನ ಅವರನ್ನು ಹೊಗಳಿ ಕಲ್ಲು ನೆಡಿಸುತ್ತಿದ್ದರು. ಆ ಕಲ್ಲುಗಳು ಇಂದಿಗೂ ಸಾಲಾಗಿ ನಿಂತಿವೆಯಂತೆ. "ತುಂಬ ತಿಂದವನ ಕಲ್ಲು ಎಲ್ಲಕ್ಕಿಂತ ಎತ್ತರ" ಎಂದು ಅವರು ಕಣ್ಣು ಕಿರಿದು ಮಾಡುತ್ತಿದ್ದರು. ಆಮೇಲೆ ಜಪಾನಿನವರು ಬಂದು ಎರಡು ತಾಲ್ಲೂಕುಗಳನ್ನು ಕೂಡಿಸಿ ಒಂದು ಮಾಡಿದರು. ಹೋಬಳಿಗಳನ್ನೂ ಕೂಡಿಸಿ, ಹಳೆಯ ಎರಡೆರಡು ಹೆಸರುಗಳಿಂದ ಅರ್ಧರ್ಧ ತೆಗೆದು ಅಂಟಿಸಿ ಹೊಸ ಹೆಸರು ಮಾಡಿದರು. ಅವರ ಹೋಬಳಿಯ ಹೆಸರೂ ಅಂಥದ್ದೇ. ತಾಲ್ಲೂಕಿನ ಹೆಸರೊಂದು ಮಾತ್ರ ಹಳೆಯದಾಗಿ ಉಳಿದಿತ್ತು. ಸ್ವಾತಂತ್ರ್ಯ ಬಂತು, ಯುದ್ಧವಾಯಿತು, ನಗರಕ್ಕೆ ಕುಡಿಯುವ ನೀರು ಬೇಕೆಂದು ಹೊಳೆಗೆ ಅಣೆಕಟ್ಟು ಕಟ್ಟಿದರು. ಅವರ ಗ್ರಾಮ ಅದರಡಿ ಹೋಯಿತು. ಅಪ್ಪ ಅಮ್ಮನ ಗೋರಿಯನ್ನು ಅಗೆದು ಮೇಲಿನ ಗುಡ್ಡಕ್ಕೆ ಸಾಗಿಸಿದ ಮೇಲೆಯೇ ಅವರು ಅಮೆರಿಕದ ವಿಮಾನ ಹತ್ತಿದ್ದು.

"ಗ್ರಾಮ ನೀರಿನಲ್ಲಿದೆ. ಹೋಬಳಿಯ ಹೆಸರು ಜಪಾನಿನವರದು. ತಾಲ್ಲೂಕೊಂದೇ ನಮ್ಮದು" ಎನ್ನುತ್ತಿದ್ದರು. "ಅದೂ ಹೋದರೆ ನಾನು ಎಲ್ಲಿ ಹುಟ್ಟಿದೆ ಅಂತ ಹೇಳಲಿ, ಹಲಗೂರಮ್ಮ?"

ನನಗೆ ಮೊದಮೊದಲು ಇದೆಲ್ಲ ಅತಿಯೆನಿಸುತ್ತಿತ್ತು. ನಮ್ಮಲ್ಲಿ ಹೊಸ ತಾಲ್ಲೂಕು ಬೇಕೆಂದು ಬಂದ್ ಮಾಡುತ್ತಾರೆ, ಟೈರು ಸುಡುತ್ತಾರೆ. ಘೋಷಣೆಯಾದ ಮೇಲೆ ಬಾಡಿಗೆ ಕಟ್ಟಡವೊಂದಕ್ಕೆ ಬೋರ್ಡು ತಗುಲಿಸಿ ಮರೆತುಬಿಡುತ್ತಾರೆ. ಇದನ್ನು ಕೇಳಿ ಅವರಿಗೆ ನಂಬಿಕೆಯೇ ಬರಲಿಲ್ಲ. ಜನ ಹೆಚ್ಚಾಗಿ ತಾಲ್ಲೂಕು ಒಡೆಯುವ ದೇಶ ಭೂಮಿಯ ಮೇಲೆ ಇದೆಯೆಂದು ಗೊತ್ತಿರಲಿಲ್ಲವಂತೆ. ಅವರ ಕಡೆ ಶಾಲೆಗಳಿಗೆ ಬೀಗ ಬಿದ್ದಿತ್ತು. ಹೆರಿಗೆ ಮಾಡಿಸುವ ಡಾಕ್ಟರು ಇಡೀ ತಾಲ್ಲೂಕಿಗೇ ಇರಲಿಲ್ಲ. ಗದ್ದೆಯಲ್ಲಿ ದುಡಿಯುವವರೆಲ್ಲ ಅವರ ವಯಸ್ಸಿನವರು.

ಅವರ ತಾಲ್ಲೂಕಿನಿಂದ ಬಂದು ಬೇ ಏರಿಯಾದಲ್ಲಿ ನೆಲೆಸಿದವರದೊಂದು ಸಂಘವಿತ್ತು. ಇವರು ಅದರ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಕಳೆದ ಮೇಲೆ ರೆಡ್‌ವುಡ್ ಸಿಟಿಯ ಪಾರ್ಕೊಂದರಲ್ಲಿ ಊಟಕ್ಕೆ ಸೇರುತ್ತಿದ್ದರು. ಕೂರುವುದು ಹೋಬಳಿವಾರು. ಹೋಬಳಿಗೊಂದು ಚಾಪೆ, ಚಾಪೆಯ ತುದಿಗೆ ಬಟ್ಟೆಯ ಮೇಲೆ ಬರೆದ ಹೆಸರು. ಗಂಡ ಹೆಂಡತಿ ಬೇರೆ ಬೇರೆ ಹೋಬಳಿಯವರಾದರೆ ಬೇರೆ ಬೇರೆ ಚಾಪೆ. ಅವರು ನಮ್ಮನ್ನೂ ಕರೆದರು. ಗಂಡ, ಮಗಳ ಜೊತೆ ಹೋದಾಗ ನೋಡಿದರೆ ಅವರ ಹೋಬಳಿಯ ಚಾಪೆಯ ಮೇಲೆ ಅವರೊಬ್ಬರೇ. ಉಳಿದವರು ಸತ್ತಿದ್ದರು ಅಥವಾ ಮಕ್ಕಳಿದ್ದಲ್ಲಿಗೆ ಹೋಗಿದ್ದರು. ಅವರ ಸ್ವಂತ ಮಗಳು ಬಂದಿರಲಿಲ್ಲ. ಪಕ್ಕದ ಚಾಪೆ ಗಿಜಿಗುಟ್ಟುತ್ತಿತ್ತು. ಅದು ಸಂಘದ ಅಧ್ಯಕ್ಷರದು, ನಗರಕ್ಕೆ ತಗುಲಿದ ಹೋಬಳಿ. ಅಧ್ಯಕ್ಷರು, ಎತ್ತರದ, ಮೆದುಮಾತಿನ ಮುದುಕರು, "ಚಾಪೆಗಳನ್ನು ಕೂಡಿಸಿಬಿಡೋಣ, ಎಲ್ಲರೂ ಒಟ್ಟಿಗೆ ತಿನ್ನೋಣ" ಎಂದು ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ಇವರು ಪ್ರತಿ ವರ್ಷವೂ ಒಪ್ಪುತ್ತಿರಲಿಲ್ಲ. ನಮ್ಮ ಮೂವರನ್ನೂ ತಮ್ಮ ಚಾಪೆಯ ಮೇಲೆ ಕೂರಿಸಿಕೊಂಡು ತಟ್ಟೆ ಕೊಟ್ಟರು.

"ನಾವೀಗ ಯಾವ ಹೋಬಳಿ ಕಣೇ?" ಎಂದು ನನ್ನ ಗಂಡ ಕಿವಿಯಲ್ಲಿ ಕೇಳಿದ.

"ಸುಮ್ನೆ ತಿನ್ರೀ" ಎಂದೆ.

ನಗರ ಮತ್ತು ತಾಲ್ಲೂಕನ್ನು ಒಂದು ಮಾಡುವ ಮಾತು ಅಲ್ಲಿ ಹಳೆಯದು. ಕೆಲವು ವರ್ಷಗಳ ಹಿಂದೆ ಒಮ್ಮೆ ತಾಲ್ಲೂಕಿನವರ ಮತ ಕೇಳಿದ್ದರು. ಆಗಿನ ಕಾನೂನಿನಂತೆ ಮೂರರಲ್ಲಿ ಒಂದು ಪಾಲು ಜನ ಬಂದು ಮತ ಹಾಕದಿದ್ದರೆ ಪೆಟ್ಟಿಗೆಯನ್ನೇ ತೆರೆಯುವಂತಿಲ್ಲ. ಇವರು ಇಲ್ಲಿಂದಲೇ ತಮ್ಮ ಹೋಬಳಿಯ ಮುದುಕ ಮುದುಕಿಯರಿಗೆಲ್ಲ ಫೋನು ಮಾಡಿ ಮನೆಯಲ್ಲೇ ಇರಿ ಎಂದಿದ್ದರು. ಜನ ಮನೆಯಲ್ಲೇ ಉಳಿದರು, ಪೆಟ್ಟಿಗೆ ತೆರೆಯಲಿಲ್ಲ, ತಾಲ್ಲೂಕು ಉಳಿಯಿತು. ಅದು ಅವರ ಬಾಳಿನ ದೊಡ್ಡ ಗೆಲುವು. ಮಗಳ ಮದುವೆಯ ವಿಷಯವನ್ನೂ ಅಷ್ಟು ಸಂಭ್ರಮದಿಂದ ಹೇಳಿದವರಲ್ಲ.

ಎರಡನೆಯ ಸಲ ಮತದಾನ ಗೊತ್ತಾದಾಗ ನನ್ನ ಕಾರು ಅವರ ಕಚೇರಿಯಾಯಿತು. ನಾವು ಸಂಜೆ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅಲ್ಲಿ ಮಾರನೆಯ ಬೆಳಗು. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಸ್ಪೀಕರಿನಲ್ಲಿ ಫೋನು. ಅವರಿಗೆ ಮತವಿಲ್ಲ, ಅಮೆರಿಕದ ಪ್ರಜೆಯಾಗಿ ಎಷ್ಟೋ ಕಾಲವಾಗಿತ್ತು. ಆದರೆ ಆ ಕಡೆಯ ಮುದುಕಿಯರು ಇವರ ದನಿ ಕೇಳಿದ್ದೇ ಮಗ ಬಂದನೇನೋ ಎಂಬಂತೆ ಕೂಗಿಕೊಂಡು ಮಾತಾಡುತ್ತಿದ್ದರು. ಕೊನೆಗೆ ಇವರು ಹೇಳುವ ಒಂದು ಮಾತು ನನಗೂ ಬಾಯಿಪಾಠವಾಯಿತು. ಕಾಜಿ ಮಾಸೆಯೊ. ಹೋಗಬೇಡಿ.

ಒಂದು ಸಂಜೆ ಅಧ್ಯಕ್ಷರ ಫೋನು ಬಂತು. ಇಬ್ಬರೂ ಜೋರಾಗಿ ಜಗಳವಾಡಿದರು. ಫೋನಿಟ್ಟ ಮೇಲೆ ಏನಾಯಿತೆಂದು ಕೇಳಿದೆ.

"ಕಾನೂನು ಬದಲಾಗಿದೆಯಂತೆ. ಎಷ್ಟೇ ಕಡಿಮೆ ಜನ ಬಂದರೂ ಪೆಟ್ಟಿಗೆ ತೆರೆಯುತ್ತಾರಂತೆ, ನಾಲ್ಕರಲ್ಲಿ ಒಂದು ಪಾಲು ಬಂದಿದ್ದರೆ ಫಲಿತಾಂಶ ಊರ್ಜಿತವಂತೆ. ಎಲ್ಲರೂ ಹೋಗಿ ಬೇಡ ಅಂತ ಮತ ಹಾಕಬೇಕಂತೆ. ಅವನ ಅಣ್ಣನ ಮಗ ಹೇಳಿದನಂತೆ."

"ನಿಜವಿರಬಹುದಲ್ಲ? ಒಮ್ಮೆ ನೋಡಿ."

"ಆ ಹುಡುಗ ನಗರದ ಕಚೇರಿಯಲ್ಲಿ ಕೆಲಸ ಮಾಡುವವನು. ನಮ್ಮವರನ್ನು ಮತಗಟ್ಟೆಗೆ ಎಳೆಯಲು ಹೂಡಿದ ಆಟ ಇದು. ನಾನು ಆ ಕಚೇರಿಯಲ್ಲಿ ಕೂತು ಎದ್ದವನು, ನನಗೆ ಕಾನೂನು ಹೇಳಿಕೊಡುತ್ತಾನೆಯೇ?"

ಅಧ್ಯಕ್ಷರು ವರ್ಷವರ್ಷವೂ ಚಾಪೆ ಕೂಡಿಸೋಣ ಎಂದವರು. ಅವರ ಬಾಯಿಂದ ಬಂದ ಮಾತನ್ನು ಇವರು ನಂಬುವುದು ಸಾಧ್ಯವೇ ಇರಲಿಲ್ಲ. ಮರುದಿನದಿಂದ ಇನ್ನೂ ಹೆಚ್ಚು ಮನೆಗಳಿಗೆ ಫೋನು ಮಾಡಿದರು.

ಮತದಾನ ಮುಗಿದ ಸುದ್ದಿ ಬಂದದ್ದು ನಾವು ಬೆಳಿಗ್ಗೆ ಆಫೀಸಿಗೆ ಹೋಗುವಾಗ, ಸೇತುವೆಯ ಮೇಲೆಯೇ. ಅಲ್ಲಿ ಆಗ ಅದೇ ದಿನದ ರಾತ್ರಿ. ಬಂದವರು ಕಡಿಮೆ, ಮೂರರಲ್ಲಿ ಒಂದು ಪಾಲಿಗೂ ತಲುಪಿಲ್ಲ ಎಂಬ ಸುದ್ದಿ ಮೊದಲೇ ಸಿಕ್ಕಿ, ಅವರು ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿ ನನಗೂ ಕೊಟ್ಟಿದ್ದರು. ಆಗ ಅಧ್ಯಕ್ಷರ ಫೋನು ಬಂತು. ಇವರು ನಗುತ್ತಲೇ ಎತ್ತಿಕೊಂಡು ಏನೋ ಹೇಳಿದರು. ಆ ಕಡೆಯಿಂದ ಎರಡೇ ಮಾತು. ಇವರ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಕಣ್ಣು ಮಾತ್ರ ಬೇರೆಯಾಗಿತ್ತು.

"ತೆರೆದಿದ್ದಾರೆ" ಎಂದರು ನನ್ನ ಕಡೆ ತಿರುಗಿ. "ಎಣಿಸುತ್ತಿದ್ದಾರೆ."

ಗಡಿಯ ಬೋರ್ಡು ಬಂತು, ಹೋಯಿತು. ಅವರ ಕೈ ಏಳಲಿಲ್ಲ.

ವಿಲೀನ ಬೇಕೆಂದವರೇ ಗೆದ್ದರು. ಅಂತರ ದೊಡ್ಡದಾಗಿರಲಿಲ್ಲ. ಇವರ ಹೋಬಳಿಯವರು ಹೋಗಿ ಬೇಡ ಎಂದು ಮತ ಹಾಕಿದ್ದರೆ ತಾಲ್ಲೂಕು ಉಳಿಯುತ್ತಿತ್ತು ಎಂದು ಅವರೇ ಲೆಕ್ಕ ಹಾಕಿ ಹೇಳಿದರು, ನಾನೇನೂ ಕೇಳಿರಲಿಲ್ಲ. ಅಂದು ಸಂಜೆ ಅವರು ಫೋನು ಮಾಡಲಿಲ್ಲ. ಆ ಕಡೆಯಿಂದಲೇ ಒಂದು ಬಂತು. ಮುದುಕಿಯೊಬ್ಬಳ ದನಿ, ಏನೋ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಇವರು ಮತ್ತೆ ಮತ್ತೆ ಹ್ಞೂಂಗುಟ್ಟಿದರು. ಕರೆದುಕೊಂಡು ಹೋಗಲು ವ್ಯಾನು ಬಾಗಿಲಿಗೇ ಬಂದಿತ್ತಂತೆ, ಬೇಡವೆಂದು ಕಳಿಸಿ ಚಿಲಕ ಹಾಕಿಕೊಂಡು ಕೂತಳಂತೆ. ಟಿವಿ ಕೆಟ್ಟಿದೆ, ಗೆದ್ದೆವು ತಾನೇ ಎಂದು ಕೇಳಲು ಫೋನು ಮಾಡಿದ್ದಳು.

"ಏನು ಹೇಳಿದಿರಿ?"

"ಒಳ್ಳೆಯ ಕೆಲಸ ಮಾಡಿದಿರಿ, ಉಂಡು ಆರಾಮವಾಗಿರಿ ಅಂದೆ."

ನನಗೆ ಅಳು ಬಂದುಬಿಟ್ಟಿತು. ಗಾಡಿ ಓಡಿಸುತ್ತಿದ್ದೆನಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ನಿಮ್ಮ ತಪ್ಪಲ್ಲ ಎನ್ನೋಣವೆಂದರೆ ಅವರದೇ ತಪ್ಪಾಗಿತ್ತು, ಅದು ಅವರಿಗೂ ಗೊತ್ತಿತ್ತು. ಅವರ ಮೇಲೆ ಸಿಟ್ಟೂ ಬಂತು. ಒಂದು ಫೋನು ಮಾಡಿ ಆ ಕಾನೂನು ಹೌದೋ ಅಲ್ಲವೋ ಎಂದು ಕೇಳಬಹುದಿತ್ತಲ್ಲ, ಯಂತ್ರದ ಒಂದು ಮೊಳೆಯನ್ನೂ ಮತ್ತೆ ಮತ್ತೆ ನೋಡದೆ ಸಹಿ ಹಾಕದ ಮನುಷ್ಯ.

ಆಮೇಲಿನದು ಹೇಳುವಷ್ಟಿಲ್ಲ. ಕಾರಿನಲ್ಲಿ ಕೂತು ಹೊರಗೆ ನೋಡುತ್ತಿದ್ದರು. ನನ್ನ ಡ್ರೈವಿಂಗನ್ನು ಬೈಯುವುದನ್ನೂ ಬಿಟ್ಟರು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಒಮ್ಮೆ ಬೇಕೆಂದೇ ಬ್ಲಿಂಕರು ಹಾಕದೆ ಲೇನು ಬದಲಿಸಿದೆ. ಏನೂ ಅನ್ನಲಿಲ್ಲ. ಸಂಘದ ಕಾರ್ಯದರ್ಶಿತನ ಬಿಟ್ಟರು. ಆ ವರ್ಷ ಪಾರ್ಕಿನ ಊಟವಾಯಿತಂತೆ, ಎಲ್ಲ ಚಾಪೆಗಳನ್ನೂ ಸೇರಿಸಿ ಹಾಸಿದ್ದರಂತೆ, ಇವರು ಹೋಗಲಿಲ್ಲ. ಮುಂದಿನ ವರ್ಷ ವಿಲೀನ ಜಾರಿಗೆ ಬಂತು, ತಾಲ್ಲೂಕಿನ ಹೆಸರು ಅಳಿದು ಎಲ್ಲಕ್ಕೂ ನಗರದ ಹೆಸರಾಯಿತು. ಇವರು ನಿವೃತ್ತರಾದರು. ನಾನು ಮತ್ತೆ ಒಬ್ಬಳೇ ಮಾಮೂಲಿ ಲೇನಿಗೆ ಬಿದ್ದೆ. ಹಬ್ಬಕ್ಕೆ ಅವರ ಮನೆಗೆ ಒಬ್ಬಟ್ಟು ತೆಗೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಇಸಿದುಕೊಂಡು "ಥ್ಯಾಂಕ್ ಯು" ಎಂದರು. ಹಲಗೂರಮ್ಮ ಎನ್ನಲಿಲ್ಲ.

"ಮನುಷ್ಯಂಗೆ ಒಂದು ತಾಲ್ಲೂಕು ಹೋದ್ರೆ ಇಷ್ಟೆಲ್ಲಾ ಆಗತ್ತಾ?" ಎಂದ ನನ್ನ ಗಂಡ, ಅದೇ ರಾತ್ರಿ ಊಟದ ಹೊತ್ತಿನಲ್ಲಿ. ತಮಾಷೆಗೆ ಕೇಳಿದ್ದಲ್ಲ.

ಹೋದ ತಿಂಗಳು ನಿದ್ದೆಯಲ್ಲೇ ಅವರ ಹೃದಯ ನಿಂತಿತು. ಅವರ ಮಗಳೇ ಮೆಸೇಜು ಮಾಡಿ ತಿಳಿಸಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಒಳ್ಳೆಯವಳು, ಅಪ್ಪನ ಭಾಷೆ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅಂತಿಮ ದರ್ಶನಕ್ಕೆ ನಾವಿಬ್ಬರೂ ಹೋದೆವು. ಬಾಗಿಲಲ್ಲಿ ನಿಂತು ಅವಳೇ ಎಲ್ಲರಿಗೂ ಒಂದೊಂದು ಅಚ್ಚಾದ ಹಾಳೆ ಕೊಡುತ್ತಿದ್ದಳು. ಅಪ್ಪನ ಟೋಪಿ ಹಾಕಿದ ಫೋಟೋ, ಕೆಳಗೆ ಹುಟ್ಟಿದ ಊರು, ಓದು, ಕೆಲಸ. ಹುಟ್ಟಿದ ಊರು ಎಂಬಲ್ಲಿ ಆ ನಗರದ ಹೆಸರಿತ್ತು.

ನಾನು ಎರಡು ಸಲ ಓದಿದೆ. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ, "ಇದು ಯಾರು ಹೇಳಿದ್ದಮ್ಮ?"

"ಅಪ್ಪ ಗೋರಿಗಳ ವಿಷಯ ಹೇಳ್ತಾ ಇದ್ರಲ್ಲ ಆಂಟಿ, ಆ ಗುಡ್ಡ ಮ್ಯಾಪಲ್ಲಿ ಹುಡುಕಿ ನೋಡಿದೆ. ಇದೇ ಹೆಸರು ಬಂತು." ಅವಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. "ಯಾಕೆ, ತಪ್ಪಾಗಿದೆಯಾ?"

ಅಷ್ಟರಲ್ಲಿ ಅಧ್ಯಕ್ಷರು ಒಳಗೆ ಬಂದರು. ನಾನು ಹಾಳೆಯ ಮೇಲೆ ಆ ಹೆಸರಿನ ಬಳಿ ಬೆರಳಿಟ್ಟು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಓದಿದರು. ಬೆಟ್ಟಸಾಲು, ಹೊಳೆ, ಕಲ್ಲುಗಳ ಸಾಲು ಎಲ್ಲ ಗೊತ್ತಿದ್ದ ಇನ್ನೊಬ್ಬ ಮನುಷ್ಯ ಆ ಕೋಣೆಯಲ್ಲಿ ಅವರೊಬ್ಬರೇ. ಆಮೇಲೆ ಹುಡುಗಿಯ ತಲೆಯ ಮೇಲೆ ಕೈಯಿಟ್ಟರು.

"ತಪ್ಪೇನಿಲ್ಲ, ಮಗು" ಎಂದರು. "ಸರಿಯಾಗಿಯೇ ಇದೆ."